ಪದಚರ್ಚೆ: ಕ್ವಿಜ್ ‘ರಿಗ್’ ಆಗಿತ್ತು ಅನ್ನುವುದಕ್ಕೆ ಕನ್ನಡದಲ್ಲಿ ಏನು?

ಪ್ರಶ್ನೆ: ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶನದ ‘ಕ್ವಿಜ್ ಶೋ’ (1994) ಚಿತ್ರಕ್ಕೆ ಕನ್ನಡ ಉಪಶೀರ್ಷಿಕೆ ಬರೆಯುವಾಗ ‘ರಿಗ್ಡ್’, ‘ಐಸೊಲೇಷನ್ ಬೂತ್’, ‘ಪರ್ಜುರಿ’ ಇವಕ್ಕೆ ಯಾವ ಪದ ಹಾಕುವುದು? ಮೊದಲನೆಯದಕ್ಕೆ ವಂಚನೆ, ಅಕ್ರಮ, ಫಿಕ್ಸಿಂಗ್, ಪೂರ್ವನಿಯೋಜಿತ ಎಲ್ಲವೂ ಹೊಳೆಯುತ್ತವೆ. ಯಾವುದೂ ಪೂರ್ತಿ ಕೂರುತ್ತಿಲ್ಲ.

ಉತ್ತರ: ಕೂರದಿರುವುದಕ್ಕೆ ಕಾರಣವಿದೆ. ಅಲ್ಲಿ ಯಾರು ಯಾರಿಗೆ ಮೋಸ ಮಾಡಿದರು ಎಂಬುದನ್ನು ಮೊದಲು ನೋಡಬೇಕು.

ಚಿತ್ರದ ಕಥೆ ನಿಜವಾಗಿ ನಡೆದದ್ದು. ಅಮೆರಿಕದ ಟೀವಿ ವಾಹಿನಿ ಎನ್‌ಬಿಸಿಯಲ್ಲಿ ‘ಟ್ವೆಂಟಿ ಒನ್’ ಎಂಬ ಕ್ವಿಜ್ 1956ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಇಬ್ಬರು ಸ್ಪರ್ಧಿಗಳು, ಪ್ರತಿ ಪ್ರಶ್ನೆಗೆ 1ರಿಂದ 11ರವರೆಗೆ ಅಂಕ. ಅಂಕ ಹೆಚ್ಚಿದಷ್ಟೂ ಪ್ರಶ್ನೆ ಕಠಿಣ. ಮೊದಲು 21 ಮುಟ್ಟಿದವರು ಗೆದ್ದಂತೆ. ಇಬ್ಬರ ನಡುವಿನ ಅಂತರದ ಒಂದೊಂದು ಅಂಕಕ್ಕೂ 500 ಡಾಲರ್. ಸಮವಾದರೆ ಮುಂದಿನ ಆಟದಲ್ಲಿ ಆ ದರ ಇನ್ನೂ 500 ಏರುತ್ತಿತ್ತು. ಹಾಗಾಗಿ ಸಮ ಮಾಡಿಸಿದಷ್ಟೂ ನಿರ್ಮಾಪಕರಿಗೆ ಲಾಭ: ಮೊತ್ತ ಬೆಳೆಯುತ್ತದೆ, ಮುಂದಿನ ವಾರವೂ ಜನ ಟೀವಿ ಮುಂದೆ ಕೂರುತ್ತಾರೆ. ಪ್ರಶ್ನೆ, ಉತ್ತರ, ಯಾವ ಅಂಕ ಕೇಳಬೇಕು ಎಂಬುದೆಲ್ಲ ಸ್ಪರ್ಧಿಗೆ ಮುಂಚೆಯೇ ಸಿಗುತ್ತಿತ್ತು. ಕೊಡುತ್ತಿದ್ದವರು ನಿರ್ಮಾಪಕ ಡ್ಯಾನ್ ಎನ್‌ರೈಟ್ ಮತ್ತು ಅವರ ಜೊತೆಗಾರ ಆಲ್ಬರ್ಟ್ ಫ್ರೀಡ್‌ಮನ್.

ಇಲ್ಲಿಗೇ ‘ನಕಲು’, ‘ಸೋರಿಕೆ’ ಎರಡೂ ಬಿದ್ದುಹೋದವು. ಅವೆರಡೂ ಪರೀಕ್ಷೆ ನಡೆಸುವವರ ಕಣ್ಣುತಪ್ಪಿಸಿ ಆಗುವ ಕೆಲಸ. ಇಲ್ಲಿ ನಡೆಸುವವರೇ ಕೈಯೆತ್ತಿ ಕೊಟ್ಟಿದ್ದಾರೆ. ‘ಫಿಕ್ಸಿಂಗ್’ಗೂ ಇದೇ ತೊಡಕು. 2000ರ ಕ್ರಿಕೆಟ್ ಹಗರಣದ ನಂತರ ನಮ್ಮಲ್ಲಿ ಆ ಪದಕ್ಕೆ ಬುಕ್ಕಿಯ ವಾಸನೆ ಅಂಟಿಕೊಂಡಿದೆ. ‘ಪೂರ್ವನಿಯೋಜಿತ’ ಪತ್ರಿಕೆಗಳಲ್ಲಿ ಕೊಲೆ, ಗಲಭೆಗಳ ಜೊತೆ ಓಡಾಡುವ ಪದ, ಅದೂ ಬೇಡ.

ನನ್ನ ಆಯ್ಕೆ, ನಾಮಪದಕ್ಕೆ ‘ಕಳ್ಳಾಟ’, ಕ್ರಿಯೆಗೆ ‘ಹೇಳಿಕೊಟ್ಟು ಆಡಿಸು’. ಆಡಿದವರು ಬೇರೆ, ಆಡಿಸಿದವರು ಬೇರೆ ಎಂಬುದನ್ನು ‘ಇಸು’ ಒಂದೇ ಹೇಳಿಬಿಡುತ್ತದೆ, ಮತ್ತು ಈ ಚಿತ್ರದ ಇಡೀ ವಿಷಯ ಅದೇ. ಸ್ಪರ್ಧಿ ಹರ್ಬರ್ಟ್ ಸ್ಟೆಂಪೆಲ್‌ಗೆ ಉತ್ತರವಷ್ಟೇ ಅಲ್ಲ, ಅಳತೆಗೆ ಹೊಂದದ ಸೂಟು, ಎದ್ದು ಕಾಣುವ ಕ್ರಾಪು, ನಿರೂಪಕನನ್ನು ಕರೆಯುವ ರೀತಿ, ಹಣೆಯ ಬೆವರನ್ನು ಉಜ್ಜದೆ ಕರವಸ್ತ್ರದಿಂದ ಒತ್ತಿಕೊಳ್ಳುವ ಬಗೆ, ಇಷ್ಟನ್ನೂ ಹೇಳಿಕೊಟ್ಟಿದ್ದರು. 1955ರ ಶ್ರೇಷ್ಠ ಚಿತ್ರದ ಆಸ್ಕರ್ ‘ಮಾರ್ಟಿ’ಗೆ ಬಂದದ್ದು ಸ್ಟೆಂಪೆಲ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಿರ್ಮಾಪಕರು ಹೇಳಿದಂತೆ ‘ಆನ್ ದ ವಾಟರ್‌ಫ್ರಂಟ್’ ಎಂದು ತಪ್ಪು ಉತ್ತರ ಕೊಡಬೇಕಾಯಿತು. ಆ ಜಾಗದಲ್ಲಿ ‘ಸೋತ’ ಎಂದು ಬರೆದರೆ ದೃಶ್ಯವೇ ಕೆಟ್ಟಿತು. ‘ಬೇಕೆಂದೇ ತಪ್ಪು ಹೇಳಿದ’, ‘ಆಟ ಬಿಟ್ಟುಕೊಟ್ಟ’ ಸರಿ. ಬಿಟ್ಟುಕೊಟ್ಟದ್ದು ಎದುರಾಳಿ ಸ್ಪರ್ಧಿ ಚಾರ್ಲ್ಸ್ ವ್ಯಾನ್ ಡೋರೆನ್‌ಗೆ. ಅವರು ಒಟ್ಟು 1,29,000 ಡಾಲರ್ ಗೆದ್ದರು.

ಇನ್ನೊಬ್ಬ ಸ್ಪರ್ಧಿ ಜೇಮ್ಸ್ ಸ್ನಾಡ್‌ಗ್ರಾಸ್ ತಮಗೆ ಕೊಟ್ಟ ಉತ್ತರಗಳನ್ನು ಬರೆದು, ಕಾರ್ಯಕ್ರಮಕ್ಕೆ ಮುಂಚೆಯೇ ರಿಜಿಸ್ಟರ್ಡ್ ಅಂಚೆಯಲ್ಲಿ ತಮ್ಮದೇ ವಿಳಾಸಕ್ಕೆ ಕಳಿಸಿಕೊಂಡು, ಲಕೋಟೆ ಒಡೆಯದೆ ಇಟ್ಟಿದ್ದರು. ಅಂಚೆ ಮುದ್ರೆಯ ತಾರೀಖೇ ಸಾಕ್ಷಿ. ಅಲ್ಲಿ ‘ಮುಂಚೆಯೇ ಕೊಟ್ಟ ಉತ್ತರ’ ಎಂದು ಬಿಡಿಸಿ ಹೇಳಿದರೆ ಸಾಕು, ಹೊಸ ಪದ ಕಟ್ಟುವ ಅಗತ್ಯವಿಲ್ಲ.

‘ರಿಗ್ಗಿಂಗ್’ ಎಂದು ಹಾಗೇ ಇಟ್ಟರೆ? ಬೇಡ. ನಮ್ಮಲ್ಲಿ ಅದು ಚುನಾವಣೆಯ ಮಾತು. ಪಕ್ಕದಲ್ಲೇ ‘ಬೂತ್’ ಬೇರೆ ಬಂದರೆ ಓದುವವರ ಕಣ್ಣಿಗೆ ಮತಗಟ್ಟೆಯೇ ಕಟ್ಟುತ್ತದೆ. ಸ್ಪರ್ಧಿಗಳನ್ನು ನಿಲ್ಲಿಸುತ್ತಿದ್ದ ಐಸೊಲೇಷನ್ ಬೂತ್‌ಗೆ ‘ಗಾಜಿನ ಗೂಡು’ ಹಾಕಿ. ಮೊದಲ ಸಲ ‘ಹೊರಗಿನ ಸದ್ದು ಕೇಳದ ಗಾಜಿನ ಗೂಡು’. ಒಳಗೆ ಸೆಕೆಯಾಗಿ ಸ್ಪರ್ಧಿ ಬೆವರಲಿ ಎಂದು ತಂಪುಗಾಳಿಯನ್ನೂ ನಿಲ್ಲಿಸುತ್ತಿದ್ದರು, ಹಾಗಾಗಿ ‘ಗೂಡು’ ಅರ್ಥಕ್ಕೂ ಹತ್ತಿರ.

‘ಪರ್ಜುರಿ’ಗೆ ‘ಸುಳ್ಳು ಸಾಕ್ಷ್ಯ’ ಎನ್ನಿ. ಇಲ್ಲಿ ಮಾತ್ರ ಎಚ್ಚರ ಬೇಕು: ಕ್ವಿಜ್‌ನಲ್ಲಿ ಕಳ್ಳಾಟ ಆಡಿಸುವುದು ಆಗ ಅಮೆರಿಕದಲ್ಲಿ ಅಪರಾಧವಾಗಿರಲಿಲ್ಲ, ಅದನ್ನು ನಿಷೇಧಿಸುವ ಕಾನೂನು ಬಂದದ್ದು 1960ರಲ್ಲಿ. ಆದ್ದರಿಂದ ಆಟದ ವಿಷಯಕ್ಕೆ ‘ಅಪರಾಧ’, ‘ಆರೋಪಿ’ ಬಳಸಬೇಡಿ. ಶಿಕ್ಷೆಗೆ ದಾರಿಯಾದದ್ದು ನ್ಯೂಯಾರ್ಕಿನ ಗ್ರ್ಯಾಂಡ್ ಜ್ಯೂರಿಯ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಪ್ರಮಾಣ ಮಾಡಿ ಹೇಳಿದ ಸುಳ್ಳು. ವ್ಯಾನ್ ಡೋರೆನ್ ಸತ್ಯ ಒಪ್ಪಿಕೊಂಡದ್ದು ಬೇರೆ ಕಡೆ, 1959ರ ನವೆಂಬರ್ 2ರಂದು ಸಂಸತ್ತಿನ ಕೆಳಮನೆಯ ಉಪಸಮಿತಿಯೆದುರು. ಚಿತ್ರದಲ್ಲಿ ಮೂರು ವರ್ಷಗಳ ಘಟನೆಗಳನ್ನು ಒತ್ತೊತ್ತಾಗಿ ಜೋಡಿಸಿರುವುದರಿಂದ ಇವೆರಡೂ ಕಲಸಿಹೋಗುವುದು ಸುಲಭ. ಗ್ರ್ಯಾಂಡ್ ಜ್ಯೂರಿಯನ್ನು ಹಾಗೆಯೇ ಉಳಿಸಿ, ಇನ್ನೊಂದನ್ನು ‘ಉಪಸಮಿತಿ’ ಎನ್ನಿ. ಎರಡಕ್ಕೂ ‘ನ್ಯಾಯಾಲಯ’ ಎಂದು ಹಾಕಿಬಿಟ್ಟರೆ ಕೊನೆಯ ಅರ್ಧ ಗಂಟೆ ಯಾರಿಗೂ ಅರ್ಥವಾಗದು.