ರೆಫರೆಂಡಮ್‌ನಲ್ಲಿ ಸೋತವರು ಸುಮ್ನಿರಬೇಕಾ? ಅಣ್ಣ ಹತ್ತು ವರ್ಷದಿಂದ ಗೆಳೆಯನ ಜೊತೆ ಮಾತು ಬಿಟ್ಟಿದ್ದಾನೆ

ತಿಲಕವಾಡಿ_ತಂಗಿ, ಬೆಳಗಾವಿ

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಬೇರೆ ದೇಶದ ರಾಜಕೀಯದ್ದು, ಆದರೆ ನಮ್ಮ ಮನೆಯೊಳಗೆ ಬಂದು ಕೂತಿದೆ. ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ನಮ್ಮ ಅಣ್ಣ, ವೈನಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇರುತ್ತಾರೆ. 2016ರ ಜೂನ್ 23ಕ್ಕೆ ಅಲ್ಲಿ ಯುರೋಪ್ ಒಕ್ಕೂಟದಲ್ಲಿ ಉಳಿಯಬೇಕಾ ಬಿಡಬೇಕಾ ಅಂತ ರೆಫರೆಂಡಮ್, ಅಂದರೆ ಜನರನ್ನೇ ನೇರವಾಗಿ ಕೇಳುವ ಜನಮತ, ಆಯಿತಲ್ಲ, ಆಗ ಇಬ್ಬರೂ ಓಟು ಹಾಕಿದ್ದರು. ಆಗ ಅವರ ಹತ್ತಿರ ಇದ್ದದ್ದು ನಮ್ಮ ಭಾರತದ ಪಾಸ್‌ಪೋರ್ಟೇ. ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸ ಇದ್ದರೆ ಓಟು ಇತ್ತು. ಅಣ್ಣನ ಪಕ್ಕದ ಮನೆಯ ಪೋಲೆಂಡಿನವರಿಗೆ ಮಾತ್ರ ಇರಲಿಲ್ಲ, ಆ ತೀರ್ಮಾನ ಜಾಸ್ತಿ ತಟ್ಟಿದ್ದು ಅಂಥವರಿಗೇ.

ಅಣ್ಣ ಉಳಿಯೋಣ ಅಂತ ಹಾಕಿದ. ಅದೇ ಬೀದಿಯಲ್ಲಿ ಅವನ ಜೀವದ ಗೆಳೆಯ ಒಬ್ಬರಿದ್ದರು, ನಮ್ಮ ವಿಜಯಪುರದವರೇ, ಹೋಟೆಲ್ ನಡೆಸುತ್ತಿದ್ದರು. ಅವರು ಬಿಡೋಣ ಅಂತ ಹಾಕಿದರು. ಯುರೋಪ್ ಬಿಟ್ಟರೆ ನಮ್ಮ ಕಡೆಯಿಂದ ಅಡುಗೆಯವರನ್ನು ಕರೆಸೋದು ಸುಲಭ ಆಗುತ್ತದೆ ಅಂತ ಆಗ ಪ್ರಚಾರ ಇತ್ತು, ಅದನ್ನು ಅವರು ನಂಬಿದ್ದರು. ಫಲಿತಾಂಶ ಬಂದ ದಿನ ಅಣ್ಣ ಅವರಿಗೆ ಫೋನ್ ಮಾಡಿ, ಅಲ್ಲೇ ಹುಟ್ಟಿ ಬೆಳೆದ ನನ್ನ ಮಗ ನಾಳೆ ಯುರೋಪಿನ ಯಾವ ಊರಲ್ಲಿ ಬೇಕಾದರೂ ಕಲಿಯಬಹುದಿತ್ತು, ಕೆಲಸ ಮಾಡಬಹುದಿತ್ತು, ಅದನ್ನು ನೀನು ಕಸಿದುಕೊಂಡೆ ಅಂದ. ಅವರು, ಸೋತಿದ್ದೀರಿ, ಒಪ್ಪಿಕೊಂಡು ಸುಮ್ನಿರಿ ಅಂದರು. ಅಷ್ಟೇ. ಅವತ್ತಿನಿಂದ ಮಾತಿಲ್ಲ.

ಅಣ್ಣ ಆಮೇಲೆ ಸುಮ್ನಿರಲಿಲ್ಲ. ಇನ್ನೊಂದು ಸಲ ಓಟು ಬೇಕು ಅಂತ ಅರ್ಜಿಗೆ ಸಹಿ ಹಾಕಿದ, ಲಂಡನ್ ಮೋರ್ಚಾಕ್ಕೆ ವೈನಿಯನ್ನೂ ಕರೆದುಕೊಂಡು ಹೋದ. ಈಗ ಆ ಗೆಳೆಯರು ಊರಿಗೆ ಮರಳಿ ವಿಜಯಪುರದಲ್ಲಿ ಮನೆ ಕಟ್ಟಿಸಿದ್ದಾರೆ. ಬರುವ ತಿಂಗಳು ವಾಸ್ತುಶಾಂತಿ. ಅಣ್ಣ ರಜೆಗೆ ಬಂದಿದ್ದಾನೆ ಅಂತ ತಿಳಿದು ಮಗನ ಕೈಯಲ್ಲಿ ಕಾರ್ಡ್ ಕಳಿಸಿದ್ದಾರೆ. ಅಣ್ಣ ಹೋಗೋದಿಲ್ಲ ಅಂತಿದ್ದಾನೆ. ಅವ್ವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಜನ ಓಟು ಹಾಕಿ ಒಂದು ತೀರ್ಮಾನ ಮಾಡಿದ ಮೇಲೆ ಸೋತವರು ಒಪ್ಪಿಕೊಳ್ಳಬೇಕು ಅಂದರೆ ಏನರ್ಥ? ಬಾಯಿ ಮುಚ್ಚಿಕೊಂಡಿರಬೇಕಾ? ಅಣ್ಣ ಮಾಡಿದ್ದು ತಪ್ಪಾ?

ಖಾನಾಪುರ_ರೋಡ್

ಅಕ್ಕಾ, ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಸೋತರೆ ಸೋತಂತೆಯೇ. ಗ್ರಾಮ ಪಂಚಾಯ್ತಿಯಲ್ಲಿ ಒಂದು ಓಟಿಗೆ ಗೆದ್ದವನೂ ಮೆಂಬರೇ, ನೂರು ಓಟಿಗೆ ಗೆದ್ದವನೂ ಮೆಂಬರೇ. 1,74,10,742 ಜನ ಬಿಡೋಣ ಅಂದರು, 1,61,41,241 ಜನ ಉಳಿಯೋಣ ಅಂದರು. ಶೇಕಡಾ 72ಕ್ಕೂ ಹೆಚ್ಚು ಮತದಾನ ಆಗಿತ್ತು. ಹತ್ತಿರ ಹತ್ತಿರ ಹದಿಮೂರು ಲಕ್ಷ ಓಟಿನ ಅಂತರ ಇರುವಾಗ ಮತ್ತೆ ಓಟು ಬೇಕು ಅಂದರೆ, ನೀವು ಗೆಲ್ಲುವ ತನಕ ಓಟು ಬೇಕು ಅಂದ ಹಾಗೆ ಅಲ್ವಾ? ಗೆದ್ದವರು ಬಡವರಾಗಿದ್ದರೆ, ಹಳ್ಳಿಯವರಾಗಿದ್ದರೆ ಅವರಿಗೆ ತಿಳಿವಳಿಕೆ ಇಲ್ಲ ಅನ್ನೋದು ಬೇರೆ ಶುರುವಾಗುತ್ತೆ. ಅದು ನನಗೆ ತುಂಬಾ ನೋವಾಗುವ ಮಾತು. ನಮ್ಮ ಹಳ್ಳಿಯವರ ಓಟಿನ ಬಗ್ಗೆಯೂ ಪೇಟೆಯವರು ಹಾಗೇ ಮಾತಾಡ್ತಾರೆ.

ಚೋರ್ಲಾ_ಘಾಟ್, ಬೆಳಗಾವಿ

ಖಾನಾಪುರದವರು ಹೇಳಿದ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಒಪ್ಪಿಕೊಳ್ಳೋದು ಅಂದರೆ ಏನು ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕು. ಇದಕ್ಕೆ ಲಂಡನ್ ತನಕ ಹೋಗಬೇಕಿಲ್ಲ. ಘಾಟ್ ಇಳಿದರೆ ಗೋವಾ ಇದೆ.

1967ರ ಜನವರಿ 16ಕ್ಕೆ ಗೋವಾದಲ್ಲಿ ಜನಮತ ನಡೆಯಿತು. ಮಹಾರಾಷ್ಟ್ರದಲ್ಲಿ ಸೇರಬೇಕಾ, ಬೇರೆಯಾಗೇ ಉಳಿಯಬೇಕಾ? ಸೇರೋಣ ಅನ್ನುವವರ ಗುರುತು ಹೂವು, ಬೇಡ ಅನ್ನುವವರದು ಎರಡು ಎಲೆ. ಆಗ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್, ಸೇರಲೇಬೇಕು ಅನ್ನುವ ಪಕ್ಷದ ನಾಯಕರು. ನೀವು ಕುರ್ಚಿಯಲ್ಲಿ ಕೂತು ಓಟು ನಡೆಸಿದರೆ ನ್ಯಾಯವಾಗಲ್ಲ ಅಂತ ಎದುರಿನವರು ಹಟ ಹಿಡಿದರು. ಜನಮತಕ್ಕೆ ಮೊದಲೇ ಅವರ ಸರ್ಕಾರ ರಾಜೀನಾಮೆ ಕೊಟ್ಟಿತು. ಎಣಿಕೆ ಮುಗಿದಾಗ ಹೂವಿಗೆ 1,38,170, ಎರಡು ಎಲೆಗೆ 1,72,191. ಬಾಂದೋಡ್ಕರ್ ಸೋತರು.

ನನಗೆ ಬಹಳ ಹಿಡಿಸುವುದು ಆಮೇಲಿನ ಕತೆ. ಎರಡೇ ತಿಂಗಳಿಗೆ, ಮಾರ್ಚಿನಲ್ಲಿ, ವಿಧಾನಸಭೆ ಚುನಾವಣೆ ಬಂತು. ಅದೇ ಜನ ಅದೇ ಬಾಂದೋಡ್ಕರ್ ಅವರನ್ನು ಮತ್ತೆ ಗೆಲ್ಲಿಸಿ ಮುಖ್ಯಮಂತ್ರಿ ಮಾಡಿದರು. ಅವರ ಪಕ್ಷಕ್ಕೆ 30ರಲ್ಲಿ 16 ಸೀಟು. ನಿಮ್ಮ ಈ ಮಾತು ಬೇಡ, ಆದರೆ ನೀವು ಬೇಕು ಅಂತ ಹೇಳಿದ ಹಾಗೆ. ಅವರೂ ತಾವು ಬೇಡ ಅಂದಿದ್ದ ಆ ಬೇರೆ ಗೋವಾವನ್ನೇ ಮುಂದೆ ಆಳಿದರು, 1973ರಲ್ಲಿ ತೀರಿಹೋಗುವ ತನಕ. ಮನಸ್ಸಿನೊಳಗೆ ಏನಿತ್ತೋ, ಕೆಲಸ ಮಾತ್ರ ಜನ ಹೇಳಿದಂತೆ ನಡೆಯಿತು. ಒಪ್ಪಿಕೊಳ್ಳೋದು ಅಂದರೆ ನನ್ನ ಮಟ್ಟಿಗೆ ಇದು. ನಾನು ತಪ್ಪಿದ್ದೆ ಅಂತ ಹೇಳಬೇಕಾಗಿಲ್ಲ.

ಇನ್ನು ಬ್ರಿಟನ್ನಿನ ವಿಷಯ. ಅಲ್ಲಿ ಎಡವಟ್ಟಾದದ್ದು ಓಟಿನ ಮೊದಲೇ ಅನ್ನಿಸುತ್ತದೆ. 2015ರಲ್ಲಿ ಮಾಡಿದ ಕಾನೂನಿನಲ್ಲಿ, ಬಿಡೋಣ ಅಂತ ಬಂದರೆ ಮುಂದೇನು ಅನ್ನೋದೇ ಇರಲಿಲ್ಲ. ಹೇಗೆ ಬಿಡಬೇಕು, ಯಾವ ಷರತ್ತಿಗೆ ಬಿಡಬೇಕು, ಏನೂ ಇಲ್ಲ. ಕಾನೂನಿನ ಪ್ರಕಾರ ಅದು ಸರ್ಕಾರವನ್ನು ಕಟ್ಟಿಹಾಕುವ ಓಟೂ ಅಲ್ಲ. ಆದರೆ ನೀವು ಏನು ಹೇಳ್ತೀರೋ ಅದನ್ನೇ ಮಾಡ್ತೀವಿ ಅಂತ ಸರ್ಕಾರ ಮನೆಮನೆಗೆ ಕರಪತ್ರ ಹಂಚಿತ್ತು. ಹಾಗೆ ಮಾತು ಕೊಟ್ಟ ಮೇಲೆ, ಅದು ಬರೀ ಸಲಹೆ ಅಂತ ಆಮೇಲೆ ಹೇಳಿದರೆ ಯಾರು ತಾನೇ ಕೇಳ್ತಾರೆ?

ನಿಮ್ಮ ಅಣ್ಣನಿಗೆ ಒಂದು ವಿಷಯ ಗೊತ್ತಿದೆಯಾ ಕೇಳಿ. ನಲವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದ ಆ ದೊಡ್ಡ ಅರ್ಜಿ ಇದೆಯಲ್ಲ, ಶೇಕಡಾ 75ರಷ್ಟಾದರೂ ಮತದಾನ, ಅದರಲ್ಲಿ ಶೇಕಡಾ 60 ಒಂದು ಕಡೆ ಇಲ್ಲದಿದ್ದರೆ ಮತ್ತೆ ಓಟು ಆಗಬೇಕು ಅನ್ನುವ ಅರ್ಜಿ, ಅದನ್ನು ಶುರು ಮಾಡಿದವನು ಬಿಡೋಣ ಅನ್ನುವ ಕಡೆಯವನು. ಓಟಿಗೆ ಒಂದು ತಿಂಗಳು ಮೊದಲು, ತನ್ನ ಕಡೆ ಸೋಲುತ್ತದೆ ಅಂದುಕೊಂಡು ಹಾಕಿದ್ದ. ಅವನ ಕಡೆ ಗೆದ್ದಿತು, ಸೋತವರು ಬಂದು ಸಹಿ ಹಾಕಿದರು. ಬಿಡೋಣ ಅನ್ನುವ ಕಡೆಯ ನೈಜೆಲ್ ಫರಾಜ್ ಕೂಡ ಓಟಿಗೆ ಮೊದಲು, 52-48ರಲ್ಲಿ ನಾವು ಸೋತರೆ ಇದು ಮುಗಿದ ವಿಷಯ ಅಲ್ಲ ಅಂತಲೇ ಹೇಳಿದ್ದರು. ಬಂದದ್ದು ಅದೇ 52-48, ಆದರೆ ಉಲ್ಟಾ. ಎರಡೂ ಕಡೆಯವರು ಗೆದ್ದರೆ ಒಂದು ನಿಯಮ, ಸೋತರೆ ಇನ್ನೊಂದು ನಿಯಮ ಇಟ್ಟುಕೊಂಡಿದ್ದರು. ಎಷ್ಟು ಓಟು ಬಂದರೆ ಸಾಕು ಅನ್ನೋದನ್ನ ಪೆಟ್ಟಿಗೆ ಒಡೆಯುವ ಮೊದಲು ತೀರ್ಮಾನ ಮಾಡಬೇಕು, ಒಡೆದ ಮೇಲೆ ಅಲ್ಲ.

ನಮ್ಮ ಬೆಳಗಾವಿಯವರಿಗೆ ಇದು ಗೊತ್ತಿರುವ ಸಂಕಟ. ಇಲ್ಲಿ ಜನಮತ ನಡೆದಿಲ್ಲ, ಆದರೆ ಮಹಾರಾಷ್ಟ್ರದ ಜೊತೆಗಿನ ಗಡಿ ತಕರಾರು ನೋಡಲು 1966ರಲ್ಲಿ ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಕೊಟ್ಟಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿಗೆ ಹೋಗುವ ಹಕ್ಕು ಎಲ್ಲರಿಗೂ ಇದೆ, ಅದನ್ನು ತಪ್ಪು ಅನ್ನಲಾರೆ. ಆದರೆ ನನ್ನ ತಲೆಮಾರಿನವರು ಪ್ರತಿ ನವೆಂಬರ್ 1 ಬಂದಾಗ ಅಂಗಡಿ ತೆರೆಯಬೇಕಾ ಮುಚ್ಚಬೇಕಾ ಅಂತ ಯೋಚಿಸುತ್ತಾ ಬೆಳೆದವರು. ತೀರ್ಮಾನ ಎಲ್ಲರಿಗೂ ತೀರ್ಮಾನ ಅನ್ನಿಸದಿದ್ದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಗೋಳಗುಮ್ಮಟದ_ಹತ್ತಿರ, ವಿಜಯಪುರ

ನಾನು ಹೆಣ್ಣುಮಗಳಾಗಿ ಒಂದು ಮಾತು ಸೇರಿಸ್ತೀನಿ. ಸೋತವರು ಸುಮ್ನಿರಿ ಅಂತ ಹೇಳುವ ಮೊದಲು ಸ್ವಿಟ್ಜರ್ಲೆಂಡ್ ನೋಡಿ. ಪ್ರಜಾಪ್ರಭುತ್ವಕ್ಕೆ ಮಾದರಿ ಅಂತ ಎಲ್ಲರೂ ಹೇಳುವ ದೇಶ, ವರ್ಷಕ್ಕೆ ಎಷ್ಟೋ ಸಲ ಜನಮತ ಕೇಳ್ತಾರೆ. 1959ರಲ್ಲಿ ಹೆಂಗಸರಿಗೆ ದೇಶಮಟ್ಟದಲ್ಲಿ ಓಟು ಕೊಡಬೇಕಾ ಅಂತ ಜನಮತ ಆಯಿತು. ಓಟು ಹಾಕಿದವರು ಬರೀ ಗಂಡಸರು. ಮೂರರಲ್ಲಿ ಎರಡು ಪಾಲು ಬೇಡ ಅಂದರು. ಅಲ್ಲಿನ ಹೆಂಗಸರು ಜನರ ತೀರ್ಪು ಅಂತ ಸುಮ್ನಿದ್ದರೆ? ಸುಮ್ನಿರಲಿಲ್ಲ. ಮೋರ್ಚಾ ಮಾಡಿದರು, ಬರೆದರು, ಮತ್ತೆ ಕೇಳಿದರು. 1971ರಲ್ಲಿ ಹೆಚ್ಚುಕಡಿಮೆ ಅಷ್ಟೇ ಅಂತರದಿಂದ ಹೌದು ಅಂತ ಬಂತು. ಆಮೇಲೂ ಅಪೆನ್‌ಸೆಲ್ ಅನ್ನುವ ಕಡೆ ತಮ್ಮ ಪ್ರಾಂತ್ಯದ ವಿಷಯಕ್ಕೆ ಗಂಡಸರು ಒಪ್ಪಲೇ ಇಲ್ಲ. 1990ರಲ್ಲಿ ಕೋರ್ಟು ಹೇಳಬೇಕಾಯಿತು. ನಮ್ಮ ದೇಶದಲ್ಲಿ ನನ್ನ ಅಜ್ಜಿ 1952ರಲ್ಲೇ ಓಟು ಹಾಕಿದ್ದಳು, ಹೆಬ್ಬೆಟ್ಟು ಒತ್ತುವವಳು.

ಆ ಹೆಂಗಸರು ಹನ್ನೆರಡು ವರ್ಷ ತೀರ್ಪನ್ನು ಮುರಿಯಲಿಲ್ಲ. ಬೂತಿಗೆ ನುಗ್ಗಲಿಲ್ಲ, ಪೆಟ್ಟಿಗೆ ಸುಡಲಿಲ್ಲ. ಆದರೆ ಬಾಯಿ ಮುಚ್ಚಿಕೊಳ್ಳಲೂ ಇಲ್ಲ. ಅದಕ್ಕೇ ನಿಮ್ಮ ಅಣ್ಣ ಮೋರ್ಚಾಕ್ಕೆ ಹೋದದ್ದರಲ್ಲಿ ನನಗೆ ಎಳ್ಳಷ್ಟೂ ತಪ್ಪು ಕಾಣೋದಿಲ್ಲ. ಸೋತಿದ್ದೀರಿ ಸುಮ್ನಿರಿ ಅಂದದ್ದು ಆ ಗೆಳೆಯರ ತಪ್ಪು. ಗೆದ್ದವರಿಗೂ ಒಂದು ಜವಾಬ್ದಾರಿ ಇದೆ. ನೂರರಲ್ಲಿ 48 ಜನ ಬೇಡ ಅಂದದ್ದನ್ನು ಮಾಡಲು ಹೊರಟವರು ಆ 48 ಜನರ ಮನೆಬಾಗಿಲಿಗೆ ಹೋಗಿ, ನಿಮಗೆ ಏನು ತೊಂದರೆ ಆಗುತ್ತದೆ ಹೇಳಿ, ಕಡಿಮೆ ಮಾಡೋಣ ಅನ್ನಬೇಕಿತ್ತು. ಸ್ಕಾಟ್ಲೆಂಡಿನಲ್ಲಿ ಶೇಕಡಾ 62 ಜನ ಉಳಿಯೋಣ ಅಂದಿದ್ದರು, ಅವರ ಮಾತಿಗೆ ಏನು ಬೆಲೆ ಸಿಕ್ಕಿತು?

ಆದರೆ ಮಾತು ಬಿಟ್ಟದ್ದು? ಅದು ರಾಜಕೀಯ ಅಲ್ಲ ತಂಗಿ. ಅದಕ್ಕೆ ಓಟಿನ ಲೆಕ್ಕ ಹಚ್ಚಬೇಡಿ.

ಖಾನಾಪುರ_ರೋಡ್

ಅಕ್ಕಾವ್ರ ಸ್ವಿಟ್ಜರ್ಲೆಂಡ್ ಮಾತು ಒಪ್ಪುತ್ತೇನೆ. ಓಟೇ ಇಲ್ಲದವರಿಗೆ ಓಟಿನ ತೀರ್ಪು ಒಪ್ಪಿ ಅನ್ನೋದು ಅನ್ಯಾಯ. ಆದರೂ ಒಂದು ಪ್ರಶ್ನೆ. ತೀರ್ಪು ಜಾರಿಯೇ ಆಗದಂತೆ ತಡೆಯೋದು, ಜಾರಿ ಆದ ಮೇಲೆ ಬದಲಾಯಿಸಿ ಅಂತ ಕೇಳೋದು, ಇವೆರಡೂ ಒಂದೇನಾ? ಬ್ರಿಟನ್ನಿನಲ್ಲಿ ಮೂರೂವರೆ ವರ್ಷ ಎಳೆದರು. ಹೊರಬಿದ್ದದ್ದು 2020ರ ಜನವರಿ 31ಕ್ಕೆ. ಮೊದಲು ಹೇಳಿದ್ದು ನಡೆಯಲಿ, ಆಮೇಲೆ ಬೇಕಾದರೆ ಮರಳಿ ಸೇರೋಣ ಅಂತ ಕೇಳಿ.

ನವನಗರ_ಬಾಗಲಕೋಟೆ

ಮೂರೂವರೆ ವರ್ಷದಲ್ಲಿ ನಡೆದದ್ದೆಲ್ಲ ತಡೆ ಅಲ್ಲ ಸರ್. ಸಂಸತ್ತನ್ನು ಕೇಳದೆ ಸರ್ಕಾರ ಒಂದೇ ಮುಂದೆ ಹೋಗುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು, 11 ಜನರಲ್ಲಿ 8 ನ್ಯಾಯಾಧೀಶರು. ಅದಾಗಿ ಎರಡೇ ತಿಂಗಳಲ್ಲಿ ಸಂಸತ್ತೇ ಒಪ್ಪಿ ಬಿಡುವ ನೋಟಿಸ್ ಕೊಟ್ಟಾಯಿತು. ಕೇಸ್ ಹಾಕಿದವರನ್ನು ಜನವಿರೋಧಿ ಅಂತ ಬೈದರು, ಆದರೆ ಅವರಿಂದ ಕೆಲಸ ನಿಲ್ಲಲಿಲ್ಲ, ಸರಿಯಾದ ದಾರಿಯಲ್ಲಿ ಆಯಿತು.

ನಾನು ಬರೆಯಬೇಕು ಅಂದುಕೊಂಡದ್ದು ಬೇರೆ. ನಮ್ಮದು ಹಳೇ ಬಾಗಲಕೋಟೆಯ ಮುಳುಗಡೆ ಮನೆ. ಹಿನ್ನೀರು ಬರುತ್ತದೆ ಅಂತ ನವನಗರಕ್ಕೆ ಬಂದವರು. ನಮ್ಮನ್ನು ಯಾರೂ ಓಟು ಹಾಕಿ ಅಂತ ಕೇಳಿರಲಿಲ್ಲ. ನೀರಿನಿಂದ ಎಷ್ಟೋ ಊರಿನ ಹೊಲ ಹಸಿರಾಯಿತು, ಅದು ಸುಳ್ಳಲ್ಲ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ನಮ್ಮಪ್ಪ ಸಾಯುವ ತನಕ ವಾರಕ್ಕೊಂದು ಸಲ ಹಳೇ ಊರಿನ ದಂಡೆಗೆ ಹೋಗಿ ನೀರು ನೋಡಿಕೊಂಡು ಬರುತ್ತಿದ್ದರು. ಅಲ್ಲಿ ನಮ್ಮ ಪಡಸಾಲೆ ಇತ್ತು ಅಂತ ಕೈ ತೋರಿಸುತ್ತಿದ್ದರು. ಹೊಸ ಮನೆಯಲ್ಲಿ ಗಿಡ ಹಚ್ಚಿದರು, ಓಣಿಯವರ ಜೊತೆ ಸೇರಿ ಗುಡಿ ಕಟ್ಟಿಸಿದರು. ಒಪ್ಪಿಕೊಂಡಿದ್ದರು. ಆದರೆ ದುಃಖ ಬಿಟ್ಟುಕೊಡಲಿಲ್ಲ. ಅವರಿಗೆ ಯಾರಾದರೂ ಬಂದು, ಮುಗಿದ ಮಾತು ಬಿಡ್ರೀ ಅಂದಾಗ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು.

ನಿಮ್ಮ ಅಣ್ಣನಿಗೂ ಬೇಕಿದ್ದದ್ದು ಅದೇ ಇರಬಹುದು ತಂಗೆಮ್ಮ. ಓಟು ಬದಲಾಗಬೇಕು ಅನ್ನೋದಕ್ಕಿಂತ, ನಿನಗೆ ನಷ್ಟ ಆಗಿದೆ ಅಂತ ಆ ಗೆಳೆಯ ಒಂದು ಸಲ ಹೇಳಬೇಕಿತ್ತೇನೋ.

ತಿಲಕವಾಡಿ_ತಂಗಿ, ಬೆಳಗಾವಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ರಾತ್ರಿ ಊಟ ಆದ ಮೇಲೆ ಎಲ್ಲವನ್ನೂ ಅಣ್ಣನಿಗೆ ಜೋರಾಗಿ ಓದಿ ಹೇಳಿದೆ. ಅರ್ಜಿಯ ಕತೆ ಕೇಳಿ ಮತ್ತೊಂದು ಸಲ ಓದು ಅಂದ. ಅದನ್ನು ಶುರು ಮಾಡಿದವನು ಯಾರು ಅಂತ ಗೊತ್ತಿಲ್ಲದೆಯೇ ಸಹಿ ಹಾಕಿದ್ದನಂತೆ. ಓಟಿನ ವಿಷಯದಲ್ಲಿ ನಾನು ಇವತ್ತೂ ಅದನ್ನೇ ಹೇಳ್ತೀನಿ, ಬಿಟ್ಟದ್ದು ತಪ್ಪೇ ಅಂದ. ನವನಗರದ ಸರ್ ಬರೆದದ್ದನ್ನು ಓದುವಾಗ ವೈನಿ ಎದ್ದು ಅಡುಗೆಮನೆಗೆ ಹೋದರು. ಅಣ್ಣ ಏನೂ ಮಾತಾಡಲಿಲ್ಲ.

ಇವತ್ತು ಬೆಳಗ್ಗೆ ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ, ಆ ಗೆಳೆಯರ ಹೆಂಡತಿಗೆ ಉಡಿ ತುಂಬಲು. ಅಣ್ಣ ಅದನ್ನು ನೋಡಿದ, ಬೇಡ ಅನ್ನಲಿಲ್ಲ. ಬರ್ತೀನಿ ಅಂತಲೂ ಇನ್ನೂ ಅಂದಿಲ್ಲ. ಆದರೆ ಕಾರ್ಡ್ ಎಲ್ಲಿಟ್ಟಿದ್ದೀ ಅಂತ ಕೇಳಿದ. ಗೋಳಗುಮ್ಮಟದ ಅಕ್ಕಾ, ಅದರಲ್ಲಿ ಸೋಲಾಪುರ ರೋಡ್ ಅಂತ ಬರೆದಿದೆ. ಬಸ್ ಸ್ಟ್ಯಾಂಡಿನಿಂದ ದೂರ ಆಗುತ್ತಾ? ಅವ್ವನಿಗೆ ಮೊಳಕಾಲು ನೋವಿದೆ, ಜಾಸ್ತಿ ನಡೆಯೋಕೆ ಆಗಲ್ಲ.