ನೇತ್ರಾಣಿಯಲ್ಲಿ ಸ್ಕೂಬಾ: ಕೊರೊನಾ ಸಮಯದಲ್ಲಿ ಹೋಗಿ ಬಂದವರು ಹೇಳಿ

ಪ್ರಶ್ನೆ (ನವೆಂಬರ್ 2021): ಡಿಸೆಂಬರ್‌ನಲ್ಲಿ ತಂಗಿಯ ಜೊತೆ ಮುರುಡೇಶ್ವರಕ್ಕೆ ಹೋಗಿ ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ (ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಈಜುವುದು) ಮಾಡುವ ಆಸೆ. ಇಬ್ಬರಿಗೂ ಎರಡು ಡೋಸ್ ಆಗಿದೆ. ಅವಳಿಗೆ ಮೇ ತಿಂಗಳಲ್ಲಿ ಕೊರೊನಾ ಬಂದು ಮನೆಯಲ್ಲೇ ವಾಸಿಯಾಯಿತು. ಸಿಲಿಂಡರ್‌ನಿಂದ ಉಸಿರೆಳೆಯುವ ರೆಗ್ಯುಲೇಟರ್ ಹತ್ತಾರು ಜನ ಬಾಯಿಗಿಟ್ಟದ್ದು ಅಲ್ವಾ, ಅದೇ ಚಿಂತೆ.

ಸುಸ್ತಾದ ಮೀನು: ನನ್ನ ಕತೆ ಕೇಳಿ. ಓಪನ್ ವಾಟರ್ ಕಾರ್ಡ್, ಅಂದರೆ ಡೈವಿಂಗ್ ಕಲಿತ ಸರ್ಟಿಫಿಕೇಟ್, ಇರುವವನು ನಾನು. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ಕೊರೊನಾ, ಆರು ದಿನ ಆಸ್ಪತ್ರೆ. ಫೆಬ್ರವರಿಯಲ್ಲಿ ಡೈವ್ ಬುಕ್ ಮಾಡಿದರೆ ಮೆಡಿಕಲ್ ಫಾರಂಗೆ ಡಾಕ್ಟರ್ ಸಹಿ ಬೇಕು ಅಂದರು. ಎಕ್ಸ್‌ರೇ 400, ಪಿಎಫ್‌ಟಿ (ಶ್ವಾಸಕೋಶದ ಪರೀಕ್ಷೆ) 1,200, ಎಕೋ (ಹೃದಯದ ಸ್ಕ್ಯಾನ್) 2,000, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಹೃದಯದ ಪರೀಕ್ಷೆ) 1,800, ಸಿಟಿ ಸ್ಕ್ಯಾನ್ 5,500. ಕೂಡಿಸಿ ನೋಡಿ, 10,900. ಎಲ್ಲ ರಿಪೋರ್ಟ್ ನೋಡಿದ ಡಾಕ್ಟರ್ ಕೇಳಿದ್ದು, "ಈಜೋದಕ್ಕೆ ಇಷ್ಟೆಲ್ಲ ಯಾಕ್ರೀ?" ನಾನೇ ಪಾಠ ಮಾಡಿದೆ. 10 ಮೀಟರ್ ಕೆಳಗೆ ಒತ್ತಡ ಎರಡರಷ್ಟು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಕೊರೊನಾ ಮಾಡಿದ ಗಾಯದಲ್ಲಿ ಗಾಳಿ ಸಿಕ್ಕಿಕೊಂಡರೆ ಶ್ವಾಸಕೋಶ ಹರಿಯಬಹುದು ಅಂತ. ಅವರು ಹೆದರಿ ಸಹಿಯನ್ನೇ ಹಾಕಲಿಲ್ಲ! ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಅಡ್ವಾನ್ಸ್ 3,000 ಕೂಡ ವಾಪಸ್ ಬರಲಿಲ್ಲ.

ಬಿಟಿಎಂ ಹುಡುಗ: ಅಷ್ಟೆಲ್ಲ ಬೇಡ ಗುರು. ನಾನು ಜನವರಿಯಲ್ಲಿ ಹೋಗಿ ಬಂದೆ. ಸ್ವಂತ ಡೈವಿಂಗ್ ಮಾಸ್ಕ್ (ಕಣ್ಣು ಮೂಗು ಮುಚ್ಚುವ ಗಾಜಿನದು) 2,300, ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್ ಮೌತ್‌ಪೀಸ್ 650. ರೆಗ್ಯುಲೇಟರ್‌ನ ಪ್ಲಾಸ್ಟಿಕ್ ಜಿಪ್ ಟೈ ಕತ್ತರಿಸಿ, ಹಳೇ ರಬ್ಬರ್ ಕಿತ್ತು, ನಂದು ಹಾಕಿಸಿದೆ. ಸಿಲಿಂಡರ್‌ಗೂ ಸ್ಯಾನಿಟೈಸರ್ ಹೊಡೆದೆ. ಒಂದು ಸೀನೂ ಬರಲಿಲ್ಲ.

ಕಡಲ ಕಾಗೆ: ಎಂಥ ಮಾರಾಯ್ರೇ, ರಬ್ಬರ್ ಬದಲಾಯಿಸಿದರೆ ಆಯ್ತಾ? ನಿಮ್ಮ ಹಿಂದಿನವನು ಉಸಿರು ಬಿಟ್ಟದ್ದು ಸೆಕೆಂಡ್ ಸ್ಟೇಜ್ ಒಳಗೆ, ಅಂದರೆ ರೆಗ್ಯುಲೇಟರ್‌ನ ಬಾಯಿ ಕಡೆಯ ಭಾಗದಲ್ಲಿ. ಅದನ್ನು ಸೋಂಕುನಾಶಕದಲ್ಲಿ ಮುಳುಗಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಸಿಹಿನೀರಲ್ಲಿ ತೊಳೆಯಬೇಕು. ನಾಲ್ಕು ಸೀಸನ್ ಡೈವಿಂಗ್ ದೋಣಿಯಲ್ಲಿ ದುಡಿದವನು ನಾನು. ಗಾಜು ಮಬ್ಬಾಗಬಾರದು ಅಂತ ಎಲ್ಲರೂ ಮಾಸ್ಕ್ ಒಳಗೆ ಉಗುಳಿ, ಒಂದೇ ಟಬ್‌ನಲ್ಲಿ ಅದ್ದುತ್ತಿದ್ದರು. ಉಗುಳಿನ ಬದಲು ಬೇಬಿ ಶಾಂಪೂ ತರಿಸಿ ಅಂದರೆ ಮಾಲೀಕರಿಗೆ ಸಿಟ್ಟು. ಆಮೇಲೆ ಆ ಸ್ಯಾನಿಟೈಸರ್. ಅದರಲ್ಲಿ ಆಲ್ಕೋಹಾಲ್ ಇದೆ, ಗಾಳಿ ತುಂಬುವ ಕಂಪ್ರೆಸರ್ ಹತ್ತಿರ ಬೆಂಕಿ ಹೊತ್ತಿಕೊಂಡರೆ?

ಬಿಟಿಎಂ ಹುಡುಗ: ಆಕ್ಸಿಜನ್ ಸಿಲಿಂಡರ್‌ಗೆ ಅಷ್ಟು ಸುಲಭಕ್ಕೆ ಬೆಂಕಿ ಹತ್ತಲ್ಲ ಬಿಡಿ.

ಕಡಲ ಕಾಗೆ: ಅದರಲ್ಲಿ ಇರುವುದು ಆಕ್ಸಿಜನ್ ಅಲ್ಲ, ಮಾಮೂಲಿ ಗಾಳಿ. ಆಕ್ಸಿಜನ್ ಇದ್ದಿದ್ದರೆ ಬೆಂಕಿ ಇನ್ನೂ ಜೋರಾಗುತ್ತಿತ್ತು. ಇದೂ ಗೊತ್ತಿಲ್ಲದೆ ಬೇರೆಯವರಿಗೆ ಬುದ್ಧಿ ಹೇಳುತ್ತೀರಲ್ಲ.

ವಿಜಯನಗರದ ಅಕ್ಕ: ಇಬ್ಬರೂ ಸ್ವಲ್ಪ ಸುಮ್ನಿರಿ. ಅಪಾಯ ಇರುವುದು ನೀರಲ್ಲಲ್ಲ, ಟೆಂಪೋ ಟ್ರಾವೆಲರ್‌ನಲ್ಲಿ. ಬೆಂಗಳೂರಿಂದ ನಾವು 12 ಜನ. ರಾತ್ರಿಯಿಡೀ ಎಸಿ, ಗಾಜು ಮುಚ್ಚಿ ಅಂತ್ಯಾಕ್ಷರಿ. ದೋಣಿಯಲ್ಲಿ ಒಂದೂವರೆ ಗಂಟೆ, ಅರ್ಧ ಜನಕ್ಕೆ ವಾಂತಿ, ಎಲ್ಲರಿಗೂ ಒಂದೇ ಬಕೆಟ್. ನಾಲ್ಕನೇ ದಿನ ಐದು ಜನ ಪಾಸಿಟಿವ್. ನಮ್ಮ ಯಜಮಾನರು ನೀರಿಗೇ ಇಳಿದಿರಲಿಲ್ಲ, ಅವರಿಗೂ ಬಂತು. ಕೊಟ್ಟ 5,000 ಅಂತೂ ಹೋಯಿತು.

ಕಡಲ ಕಾಗೆ: ಬೆಳಿಗ್ಗೆ ಮಸಾಲೆ ದೋಸೆ ತಿಂದು ದೋಣಿ ಹತ್ತಿದರೆ ವಾಂತಿ ಬಾರದೆ ಇನ್ನೇನು ಅಕ್ಕ?

ವಿಜಯನಗರದ ಅಕ್ಕ: ತಿಂದದ್ದು ಎರಡು ಇಡ್ಲಿ. ನಿಮ್ಮ ದೋಣಿಯ ಡೀಸೆಲ್ ಹೊಗೆ ಕುಡಿದವರನ್ನು ಕೇಳಿ.

ಪ್ರಶ್ನೆ ಕೇಳಿದವರು: ತಂಗಿಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು. ಅದನ್ನೂ ಫಾರಂನಲ್ಲಿ ಬರೆಯಬೇಕಾ?

ಸುಸ್ತಾದ ಮೀನು: ಬರೆಯಲೇಬೇಕು. 10,900 ಎತ್ತಿಟ್ಟುಕೊಳ್ಳಿ.

ಬಿಟಿಎಂ ಹುಡುಗ: ನಾನು ಸ್ಯಾನಿಟೈಸರ್ ಹೊಡೆದದ್ದು ಸಿಲಿಂಡರ್ ಹೊರಗೆ, ಕಾಗೆಯವರೇ. ಸರಿಯಾಗಿ ಓದಿ ಮಾತಾಡಿ.