ಹಳೆ ಮನೆಯ ಜಿಪ್ಸಮ್ ಬೋರ್ಡ್ ಗೋಡೆ ಸಮ ಇಲ್ಲ, ಪುಟ್ಟಿ ಸಾಕಾ, ಬೋರ್ಡೇ ತೆಗೆಯಬೇಕಾ?

ಹಳೆಮನೆ_ವಾಸಿ:
ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡ್ ಹೊಡೆದ ಹಳೆ ಮನೆ ನಮ್ಮದು. ಹಗಲಲ್ಲಿ ಏನೂ ಗೊತ್ತಾಗುವುದಿಲ್ಲ, ಸಂಜೆ ಗೋಡೆ ಪಕ್ಕದ ದೀಪ ಹಾಕಿದರೆ ಬೋರ್ಡುಗಳು ಸೇರುವ ಜಾಗ ಮೇಲಿಂದ ಕೆಳಗಿನ ತನಕ ಉಬ್ಬಿಕೊಂಡು ಕಾಣುತ್ತದೆ. ಆರಡಿ ಮಟ್ಟಗೋಲು ಇಟ್ಟೆ. ಅದು ಉಬ್ಬಿನ ಮೇಲೆ ಕೂತು, ಎರಡೂ ತುದಿಯಲ್ಲಿ 4 ಮಿ.ಮೀ. ಸಂದು ಬಿಡುತ್ತದೆ. ಮೂರ್ನಾಲ್ಕು ಕಡೆ ಸ್ಕ್ರೂ ತಲೆ ಬಣ್ಣ ಒಡೆದು ಹೊರಗೆ ಬಂದಿದೆ. ನಿನ್ನೆ ಉಬ್ಬನ್ನು ಉಜ್ಜಿ ತೆಗೆಯೋಣ ಅಂತ ಹೋದೆ, ಬೋರ್ಡ್ ಸೇರುವ ಜಾಗಕ್ಕೆ ಒಳಗೆ ಅಂಟಿಸಿದ್ದ ಟೇಪ್ ಹರಿದುಬಂತು. ಮುಂದೇನು ಮಾಡಲಿ?

ಸುಣ್ಣಬಣ್ಣ:
ಮೊದಲು ಉಜ್ಜುವುದನ್ನು ನಿಲ್ಲಿಸಿ, ದಯವಿಟ್ಟು. ಮನೆ 1980ಕ್ಕಿಂತ ಮುಂಚಿನದಾದರೆ ಜಾಯಿಂಟ್ ತುಂಬಿದ ಪುಟ್ಟಿಯಲ್ಲಿ ಆಸ್ಬೆಸ್ಟಾಸ್, ಬಣ್ಣದಲ್ಲಿ ಸೀಸ ಇರಬಹುದು. ಇವುಗಳ ಧೂಳು ದೇಹದೊಳಗೆ ಹೋದರೆ ಅಪಾಯ, ಎರಡೂ ಕಣ್ಣಿಗೆ ಕಾಣುವುದಿಲ್ಲ. ಚೂರು ಮಾದರಿಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ವರದಿ ಬರುವ ತನಕ ಆ ಧೂಳನ್ನು ಪೊರಕೆಯಲ್ಲಿ ಗುಡಿಸಬೇಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಈ ವಿಷಯ ಸುಮ್ನೆ ಬಿಡುವಂಥದ್ದಲ್ಲ.

ಮಟ್ಟಗೋಲು:
ಮೇಲಿನವರು ಹೇಳಿದ್ದು ಸರಿ. ವರದಿಯಲ್ಲಿ ಏನೂ ಇಲ್ಲ ಅಂತಾದರೆ ಮುಂದಿನದು ಮಾಡಿ, 4 ಮಿ.ಮೀ.ಗೆ ಬೋರ್ಡ್ ತೆಗೆಯುವ ಅಗತ್ಯ ಇಲ್ಲ.

ಮೊದಲು ಸ್ಕ್ರೂ ನೋಡಿ. ಅದರ ಪಕ್ಕದಲ್ಲಿ ಅಂಗೈಯಿಂದ ಒತ್ತಿದಾಗ ಬೋರ್ಡ್ ಅಲುಗಾಡಿದರೆ, ಸುಮಾರು ಒಂದೂವರೆ ಇಂಚು ಮೇಲೆ ಅಥವಾ ಕೆಳಗೆ ಅದೇ ಮರಕ್ಕೆ ಹೊಸ ಸ್ಕ್ರೂ ಹಾಕಿ, ಆಮೇಲೆ ಹಳೆಯದನ್ನು ತೆಗೆಯಿರಿ. ಬೋರ್ಡ್ ಅಲುಗಾಡುತ್ತಿದ್ದರೆ ಮೇಲೆ ಎಷ್ಟು ಪುಟ್ಟಿ ಬಳಿದರೂ ಮತ್ತೆ ಬಿರುಕು ಬಿಡುತ್ತದೆ. ಸಡಿಲವಾದ ಟೇಪನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಬೋರ್ಡಿನ ಕಾಗದ ಹರಿದು ಕಂದು ಬಣ್ಣ ಕಾಣುತ್ತಿದ್ದರೆ ಅಲ್ಲಿಗೆ ಮೊದಲು ಪ್ರೈಮರ್ ಹೊಡೆಯಿರಿ, ಇಲ್ಲದಿದ್ದರೆ ಪುಟ್ಟಿಯ ನೀರು ಹೀರಿ ಅದು ಗುಳ್ಳೆ ಏಳುತ್ತದೆ. ಹೊಳಪಿನ ಬಣ್ಣವಿದ್ದರೆ ಸ್ವಲ್ಪ ಉಜ್ಜಿ ಒರಟು ಮಾಡಿ. ಹೊಸ ಕಾಗದದ ಟೇಪನ್ನು ಪುಟ್ಟಿಯಲ್ಲಿ ಕೂರಿಸಿ.

ಇನ್ನು ಉಬ್ಬು. ಅದನ್ನು ಇಳಿಸಲು ಹೋಗಬೇಡಿ, ಎರಡೂ ಪಕ್ಕ ಏರಿಸಿ. ಉಬ್ಬಿನ ನೆತ್ತಿಯಲ್ಲಿ ಪುಟ್ಟಿ ಬರೀ ಸವರಿದಷ್ಟು, ಅಲ್ಲಿಂದ ಒಂದೊಂದು ಕಡೆಗೆ ಎರಡಡಿ ತನಕ ತೆಳುವಾಗಿ ಇಳಿಜಾರು ಮಾಡಬೇಕು. 12 ಇಂಚಿನ ಅಗಲದ ಬ್ಲೇಡ್ ಬೇಕು, ಸಣ್ಣದರಲ್ಲಿ ಗೆರೆ ಉಳಿಯುತ್ತದೆ. ಮೊದಲ ಕೋಟ್‌ಗೆ ನೀರು ಹಾಕಿ ಕಲಸುವ, ತಾನೇ ಗಟ್ಟಿಯಾಗುವ ಪುಟ್ಟಿ ಪುಡಿ ಒಳ್ಳೆಯದು, ಕುಗ್ಗುವುದು ಕಡಿಮೆ. ಆದರೆ ಉಜ್ಜುವುದು ಕಷ್ಟ, ಹಾಗಾಗಿ ಮೇಲಿನ ಎರಡು ಕೋಟ್‌ಗೆ ಕಲಸಿಯೇ ಬರುವ ರೆಡಿಮಿಕ್ಸ್ ಪುಟ್ಟಿ ಹಾಕಿ. ಒಂದು ಕೋಟ್ ಪೂರ್ತಿ ಒಣಗದೆ ಇನ್ನೊಂದು ಹಾಕಬೇಡಿ.

ಬಡಗಿಮನೆ:
ಒಂದು ಮಾತು. ಗೋಡೆ ಯಾಕೆ ಉಬ್ಬಿತು ಅಂತ ನೋಡಿದ್ದೀರಾ? ಒಳಗಿನ ಮರದ ಕಂಬ ಒಣಗುವಾಗ ಬಾಗಿದ್ದರೆ ಅದು ಅಲ್ಲಿಗೆ ನಿಂತಿರುತ್ತದೆ, ಪುಟ್ಟಿ ಸಾಕು. ನೀರು ಸೋರಿ ಬೋರ್ಡ್ ಉಬ್ಬಿದ್ದರೆ ಮಾತ್ರ ಸೋರಿಕೆ ನಿಲ್ಲಿಸಿ ಆ ತುಂಡನ್ನು ಬದಲಾಯಿಸಲೇಬೇಕು. ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದೆಯಾ?

ಹಳೆಮನೆ_ವಾಸಿ:
ಒತ್ತಿ ನೋಡಿದೆ, ಗಟ್ಟಿಯಾಗಿದೆ, ಕಲೆಯೂ ಇಲ್ಲ. ಮನೆ 1980ಕ್ಕಿಂತ ಹಳೆಯದೇ, ಉಜ್ಜುವ ಮುಂಚೆ ಕೇಳಬೇಕಿತ್ತು. ಕೋಣೆ ಬಾಗಿಲು ಮುಚ್ಚಿದ್ದೇನೆ. ನಾಳೆ ಲ್ಯಾಬಿಗೆ ಮಾದರಿ ಕೊಡುತ್ತೇನೆ. ಅದನ್ನು ತೆಗೆಯುವಾಗ ಧೂಳು ಏಳದ ಹಾಗೆ ಏನು ಮಾಡಬೇಕು?

ಸುಣ್ಣಬಣ್ಣ:
ಆ ಜಾಗಕ್ಕೆ ನೀರು ಸಿಂಪಡಿಸಿ ಒದ್ದೆ ಮಾಡುತ್ತಾರೆ, ಆಮೇಲೆ ಚೂರು ಕತ್ತರಿಸುತ್ತಾರೆ. ಆದರೆ ಈಗಾಗಲೇ ಧೂಳು ಎದ್ದಿದೆಯಲ್ವಾ, ಲ್ಯಾಬಿನವರೇ ಬಂದು ತೆಗೆಯುತ್ತಾರಾ ಅಂತ ಮೊದಲು ಕೇಳಿ.